ಮೇಸ್ತ್ರಿ ಹಾಲು ಕುಡಿದ ಗುರುವಾರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮ ಶಿಶುಪಾಲನಾ ಕೇಂದ್ರದಲ್ಲಿ ಎಲ್ಲರಿಗೂ ಗೊತ್ತು. ತಾಯಂದಿರು ನನ್ನನ್ನು ಬೆನ್ನ ಹಿಂದೆ 'ಇನ್‌ಸ್ಪೆಕ್ಟರ್' ಎನ್ನುತ್ತಾರೆ. ಒಮ್ಮೊಮ್ಮೆ ಬಾಯಿ ತಪ್ಪಿ ಎದುರಿಗೇ ಅಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಾರೆ. ಅನ್ನಲಿ, ನನ್ನ ಗಂಟೇನು ಹೋಗುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಒಂದು ವರ್ಷದೊಳಗಿನ ಕೂಸುಗಳ ಕೋಣೆ ನನ್ನ ಕೈಯಲ್ಲಿದೆ. ನನ್ನ ತೋಳಿಗೆ ಬಂದು ಹಾಲು ಕುಡಿಯದೆ ಹೋದ ಮಗು ಒಂದೂ ಇಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವಳು ನಾನು. ಆ ಜಂಬ ಇಳಿಸುವುದಕ್ಕೆಂದೇ ಒಬ್ಬ ಬಂದ. ಐದು ತಿಂಗಳ ಗಂಡುಮಗು. ಆ ಗುರುವಾರ ಬೆಳಿಗ್ಗೆ ಅವನು ನನಗೆ ಕೊಟ್ಟ ಕಾಟ ನೆನೆದರೆ ಈಗಲೂ ಎದೆ ಡವಡವ ಎನ್ನುತ್ತದೆ, ಮರುಗಳಿಗೆಗೆ ನಗುವೂ ಬರುತ್ತದೆ.

ಅವನಿಗೆ ನಾವಿಟ್ಟ ಅಡ್ಡಹೆಸರು ಮೇಸ್ತ್ರಿ. ಮೊದಲ ದಿನ ಕೋಣೆಯೊಳಗೆ ಬಂದವನೇ ಹುಬ್ಬು ಗಂಟಿಕ್ಕಿಕೊಂಡು ಸೂರು, ಗೋಡೆ, ಫ್ಯಾನು, ಕಿಟಕಿಯ ಚೌಕಟ್ಟು ಎಲ್ಲವನ್ನೂ ಒಂದೊಂದಾಗಿ ನೋಡಿದ. ಕೆಲಸ ಸರಿಯಾಗಿಲ್ಲ, ಕೆಡವಿ ಮತ್ತೆ ಕಟ್ಟಿ ಎನ್ನುವ ಹಾಗಿತ್ತು ಆ ಮುಖ. ಹೆಸರು ಇನ್ನೊಂದು ರೀತಿಯಲ್ಲೂ ಒಪ್ಪುತ್ತಿತ್ತು, ಏಕೆಂದರೆ ಅವನ ತಾಯಿ ಕ್ರೇನ್ ನಡೆಸುವವಳು. ನಮ್ಮ ಕೇಂದ್ರದಿಂದ ಎರಡು ಬೀದಿಯಾಚೆ ದೊಡ್ಡ ಆಸ್ಪತ್ರೆಯೊಂದು ಏಳುತ್ತಿತ್ತು. ಅದರ ನೆತ್ತಿಯ ಮೇಲೆ ಕೈ ಚಾಚಿ ನಿಂತ ಹಳದಿ ಕ್ರೇನು ನಮ್ಮ ಕೋಣೆಯ ಕಿಟಕಿಯಿಂದಲೇ ಕಾಣುತ್ತಿತ್ತು. ಅಂಥದ್ದರ ಪುಟ್ಟ ಗಾಜಿನ ಕ್ಯಾಬಿನ್ನಿನಲ್ಲಿ ಕುಳಿತು ಅದನ್ನು ನಡೆಸುವ ಹೆಂಗಸನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಕಂಡ ಮೇಲೆ ನೋಡಿದರೆ ನನ್ನ ಭುಜಕ್ಕೂ ಬರದ ಸಣ್ಣ ಜೀವ, ಮಾತೂ ಅಷ್ಟೇ ಸಣ್ಣದು.

ಹೆರಿಗೆಗೆ ಮುಂಚೆ ಬೇರೆ ಕಡೆ ಕ್ರೇನ್ ನಡೆಸುತ್ತಿದ್ದಳಂತೆ. ಈಗ ಈ ಜಾಗ ಸಿಗುವುದಿದ್ದರೆ ಒಂದು ಷರತ್ತಿನ ಮೇಲೆ. ಗುರುವಾರ ಏಳರಿಂದ ಒಂದರವರೆಗೆ ಪರೀಕ್ಷೆಯ ಪಾಳಿ. ನಡುವೆ ಇಳಿದು ಬಂದರೆ ಸೀಟು ಇನ್ನೊಬ್ಬನಿಗೆ. ಆ ಇನ್ನೊಬ್ಬ ಆಗಲೇ ಸೈಟಿಗೆ ಬಂದು ಹೋಗುತ್ತಿದ್ದನಂತೆ. ಕೆಳಗೆ ಇಟ್ಟಿಗೆ ಎಣಿಸುವ ಕೆಲಸದಿಂದ ಶುರುಮಾಡಿ ಆ ಕ್ಯಾಬಿನ್ ತಲುಪಲು ಆರು ವರ್ಷ ಹಿಡಿಯಿತು ಎಂದು ಅವಳು ನನಗೆ ಹೇಳಿದಳು. ಹೆಂಗಸಿಗೆ ಒಮ್ಮೆ ಕೈತಪ್ಪಿದರೆ ಮತ್ತೆ ಯಾರೂ ಕರೆದು ಕೂರಿಸುವುದಿಲ್ಲ ಎಂದೂ ಹೇಳಿದಳು. ನಾನು ದೊಡ್ಡ ಮನುಷ್ಯಳ ಹಾಗೆ ಅವಳ ಬೆನ್ನು ತಟ್ಟಿ, ಮಗುವಿನ ಚಿಂತೆ ನನಗೆ ಬಿಡಿ ಎಂದೆ.

ನಮ್ಮಲ್ಲಿ ಒಂದು ಪದ್ಧತಿ ಉಂಟು. ಹೊಸ ಕೂಸು ಬಂದರೆ ಮೊದಲ ಮೂರು ದಿನ ತಾಯಿ ಹೊರಗಿನ ಓಣಿಯ ಬೆಂಚಿನಲ್ಲಿ ಕುಳಿತಿರಬೇಕು. ಮಗು ನಮಗೆ ಒಗ್ಗುವ ತನಕ ಅವಳು ಕೂಗಳತೆಯಲ್ಲಿ ಇರುತ್ತಾಳೆ. ಸೋಮವಾರದಿಂದ ಬುಧವಾರದವರೆಗೆ ಅವಳು ಹಾಗೇ ಕುಳಿತಳು. ಮೇಸ್ತ್ರಿ ಆಟಕ್ಕೆ ಒಗ್ಗಿದ, ನಿದ್ದೆಗೆ ಒಗ್ಗಿದ, ನೆಲಮಟ್ಟದಲ್ಲಿ ಹಾಕಿದ ಕನ್ನಡಿಯೊಳಗಿನ ತನ್ನನ್ನೇ ಗದರಿಸುವುದಕ್ಕೂ ಕಲಿತ. ಬಾಟಲಿಯೊಂದನ್ನು ಮಾತ್ರ ಜಪ್ಪಯ್ಯ ಎಂದರೂ ಮುಟ್ಟಲಿಲ್ಲ. ಮನೆಯಲ್ಲಿ ತಿಂಗಳಿಂದ ಬಾಟಲಿಯಲ್ಲಿ ಕುಡಿಯುತ್ತಾನೆ ಎಂದು ತಾಯಿ ಹೇಳಿದ್ದಳು. ನಮ್ಮ ತೋಳಿಗೆ ಬಂದರೆ ಬಾಯಿಗೆ ಬೀಗ. ಕೊನೆಗೆ ಪ್ರತಿ ಸಲವೂ ಅವಳೇ ಒಳಗೆ ಬಂದು ಎದೆಹಾಲು ಕೊಡುತ್ತಿದ್ದಳು. ಕೊಡುವಾಗ ತಲೆ ಎತ್ತುತ್ತಿರಲಿಲ್ಲ, ನಾಚಿಕೆ ಇರಬೇಕೆಂದು ನಾನು ತಿಳಿದೆ.

ಹಾಲು ಕುಡಿಸುವುದರ ಬಗ್ಗೆ ನನ್ನದೊಂದು ಕಟ್ಟುನಿಟ್ಟು ಇದೆ, ಅದನ್ನು ಇಲ್ಲೇ ಹೇಳಿಬಿಡಬೇಕು. ಮಗುವನ್ನು ತೋಳಿನಲ್ಲಿ ಮಲಗಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಗೆ ಮಾತಾಡುತ್ತ ಕುಡಿಸಬೇಕು. ಕೂಸಿನ ಮೊದಲ ಪಾಠಶಾಲೆ ಅದು. ಮುಖ ಎಂದರೇನು, ಮಾತು ಎಂದರೇನು, ನಂಬಿಕೆ ಎಂದರೇನು, ಎಲ್ಲವನ್ನೂ ಅದು ಅಲ್ಲೇ ಕಲಿಯುತ್ತದೆ. ಸೇರಿಸಿಕೊಳ್ಳುವ ಅರ್ಜಿಯಲ್ಲಿ ಹನ್ನೊಂದನೇ ಪ್ರಶ್ನೆಯನ್ನು ಬರೆದವಳೂ ನಾನೇ: 'ಹಾಲು ಕುಡಿಸುವಾಗ ತಪ್ಪದೆ ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೀರಲ್ಲವೇ?' ಸೋಮವಾರ ಬೆಳಿಗ್ಗೆ ಒಬ್ಬ ಅಪ್ಪ ಬಾಗಿಲಲ್ಲೇ ನಿಂತು ಒಂದು ಕೈಯಲ್ಲಿ ಮಗಳ ಬಾಯಿಗೆ ಬಾಟಲಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಉಜ್ಜುತ್ತಿದ್ದ. ನನಗೆ ಎಲ್ಲಿತ್ತೋ ಸಿಟ್ಟು, ಓಣಿಯಲ್ಲಿ ಇದ್ದವರೆಲ್ಲರ ಎದುರಿಗೇ ಅವನ ಜನ್ಮ ಜಾಲಾಡಿದೆ. ಇಂಥವರಿಗೆ ಇಲ್ಲಿ ಸೀಟಿಲ್ಲ, ಮಗುವನ್ನು ಎತ್ತಿಕೊಂಡು ಹೋಗಿ ಎಂದೂ ಅಂದೆ. ಅವನು ಕಿವಿ ಕೆಂಪಗೆ ಮಾಡಿಕೊಂಡು ಹೊರಟುಹೋದ. ಪಕ್ಕದ ಬೆಂಚಿನಲ್ಲಿ ಕ್ರೇನಿನವಳು ಕುಳಿತು ತೊಡೆಯ ಮೇಲೆ ಅರ್ಜಿ ಇಟ್ಟುಕೊಂಡು ತುಂಬುತ್ತಿದ್ದಳು.

ಗುರುವಾರ ಆರೂ ಮುಕ್ಕಾಲಿಗೆ ಅವಳು ಬಂದಾಗ ಕಾಲಲ್ಲಿ ಸೈಟಿನ ಬೂಟು, ಮೈಮೇಲೆ ಮಿಂಚುವ ಹಳದಿ ಕೋಟು. ಬರುವ ಮುಂಚೆ ಮಗುವಿಗೆ ಎದೆಹಾಲು ಕೊಟ್ಟು ಬಂದಿದ್ದಳು. ನಾಲ್ಕು ಬಾಟಲಿ ನನ್ನ ಕೈಗಿಟ್ಟಳು, ಒಂದೊಂದರಲ್ಲೂ ನೂರಿಪ್ಪತ್ತು ಮಿಲಿ ತಾಯಿಹಾಲು, ಮೇಲೆ ಗುಂಡು ಅಕ್ಷರದ ಚೀಟಿ. ಕ್ಯಾಬಿನ್ನಿನಲ್ಲಿ ಫೋನ್ ಇಟ್ಟುಕೊಳ್ಳುವಂತಿಲ್ಲ ಎಂದಳು. ಕೆಳಗೆ ನಿಂತು ಸನ್ನೆ ಹೇಳುವವನೊಬ್ಬ ಇರುತ್ತಾನೆ, ಅವನ ಜೊತೆ ಕೋಟಿಗೆ ಸಿಕ್ಕಿಸಿಕೊಂಡ ರೇಡಿಯೋದಲ್ಲಿ ಮಾತು. ಅವನ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಹನ್ನೊಂದಕ್ಕೆ ಕೆಳಗಿನವರ ಟೀಗೆಂದು ಹತ್ತು ನಿಮಿಷ ಕ್ರೇನ್ ನಿಲ್ಲುತ್ತದೆ, ಅಷ್ಟರೊಳಗೆ ಮಗು ಹಾಲು ಕುಡಿದ ಸುದ್ದಿ ಮುಟ್ಟಿಸಬೇಕು ಎಂದಳು. ಆಮೇಲೆ ಮಗುವಿನ ಪಾದವನ್ನು ಒಮ್ಮೆ ಹಿಡಿದು ಬಿಟ್ಟು, ನನ್ನ ಮುಖ ನೋಡಿದಳು.

"ಹನ್ನೊಂದಕ್ಕೆ ಸುದ್ದಿ ಬರ್ಲಿಲ್ಲ ಅಂದ್ರೆ ನಾನು ಇಳಿದು ಬಂದ್ಬಿಡ್ತೀನಿ ಅಕ್ಕ. ಕೆಲಸ ಹೋದ್ರೆ ಹೋಗ್ಲಿ. ಮಗು ಕೆಳಗೆ ಹಸ್ಕೊಂಡಿರುವಾಗ ನಾನು ಮೇಲೆ ಕೂತಿರೋಕಾಗಲ್ಲ."

ಎಂಟೂವರೆಗೆ ಮೊದಲ ಬಾಟಲಿ ಬೆಚ್ಚಗೆ ಮಾಡಿದೆ. ಪರದೆ ಎಳೆದೆ, ಮೂಲೆಯ ಕುರ್ಚಿಯಲ್ಲಿ ಕುಳಿತೆ, ಮೇಸ್ತ್ರಿಯನ್ನು ತೋಳಿನಲ್ಲಿ ಮಲಗಿಸಿ ಅವನ ಕಣ್ಣಲ್ಲಿ ಕಣ್ಣಿಟ್ಟೆ. ಅವನೂ ನೋಡಿದ. ಬಾಯಿ ತೆರೆದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬಾಟಲಿ ತುಟಿಗೆ ತಾಗಿದ್ದೇ ತಡ, ಮುಖವನ್ನು ನನ್ನ ಎದೆಯ ಕಡೆಗೆ ತಿರುಗಿಸಿ ಬಟ್ಟೆಯನ್ನು ಬಾಯಿಂದ ತಡಕಾಡಿದ. ಬೇಕಾದ್ದು ಸಿಗಲಿಲ್ಲ. ಆಮೇಲೆ ಶುರುವಾಯಿತು ನೋಡಿ, ಆ ಕೂಗಿಗೆ ಮಲಗಿದ್ದ ಇನ್ನಾರು ಕೂಸುಗಳೂ ಎದ್ದು ದನಿಗೂಡಿಸಿದವು.

ನನ್ನ ಜೊತೆ ಕೋಣೆ ನೋಡಿಕೊಳ್ಳುವವರು ಲೆಕ್ಕದ ಟೀಚರ್. ಮೊದಲು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವರು, ಈಗ ಯಾವ ಮಗು ಎಷ್ಟು ಮಿಲಿ ಕುಡಿಯಿತು, ಎಷ್ಟು ನಿಮಿಷ ಮಲಗಿತು ಎಂದು ಗೋಡೆಯ ಪಟ್ಟಿಯಲ್ಲಿ ಬರೆಯುವುದರಲ್ಲಿ ಅವರಿಗೆ ಅದೇ ಸುಖ. ಎರಡು ಮಕ್ಕಳನ್ನು ಎರಡು ಸೊಂಟಕ್ಕೆ ಏರಿಸಿಕೊಂಡೇ ಹೋಗಿ ಮೇಸ್ತ್ರಿಯ ಸಾಲಿನಲ್ಲಿ ಸೊನ್ನೆ ಬರೆದರು. ಒಮ್ಮೆ ಬೆಚ್ಚಗೆ ಮಾಡಿ ಬಾಯಿಗೆ ತಾಗಿಸಿದ ತಾಯಿಹಾಲನ್ನು ಮತ್ತೆ ಇಡುವಂತಿಲ್ಲ. ಅರ್ಧ ಗಂಟೆ ಕಾದು ಆ ನೂರಿಪ್ಪತ್ತು ಮಿಲಿಯನ್ನು ಸಿಂಕಿಗೆ ಸುರಿದೆ.

ಒಂಬತ್ತೂಕಾಲಿಗೆ ಎರಡನೆಯದು. ಈ ಸಲ ನಿಪ್ಪಲ್ ಬದಲಿಸಿದೆ, ಅವನ ಚೀಲದಲ್ಲಿದ್ದ ತಾಯಿಯ ಹಳೆಯ ಅಂಗಿಯನ್ನು ನನ್ನ ಹೆಗಲಿಗೆ ಹಾಕಿಕೊಂಡೆ, ಗೊತ್ತಿದ್ದ ಲಾಲಿಯನ್ನೆಲ್ಲ ಹಾಡಿದೆ. ಅಂಗಿಯ ವಾಸನೆಗೆ ಅವನ ಆಸೆ ಇನ್ನೂ ಹೆಚ್ಚಿತು, ಕೋಪವೂ ಹೆಚ್ಚಿತು. ಹತ್ತಕ್ಕೆ ಮೂರನೆಯದು. ಲೆಕ್ಕದ ಟೀಚರ್ ಕೈಯಲ್ಲಿ ಕೊಟ್ಟು ನೋಡಿದೆ. ಅವರೂ ನಾನು ಕಲಿಸಿದ ಹಾಗೆಯೇ ಮಲಗಿಸಿಕೊಂಡರು, ನಾನು ಕಲಿಸಿದ ಹಾಗೆಯೇ ಕಣ್ಣಿಟ್ಟು ನೋಡಿದರು. ಅವನು ಅವರ ಎದೆಯನ್ನೂ ತಡಕಾಡಿ, ಬಾಟಲಿಗೆ ಒದ್ದ. ಮುಖ ಕೆಂಪಾಗಿ, ಅತ್ತೂ ಅತ್ತೂ ದನಿ ಕಟ್ಟಿತು. ಪರದೆಯ ಸಂದಿನಲ್ಲಿ ಕ್ರೇನು ನಿಧಾನವಾಗಿ ತಿರುಗುವುದು ಕಾಣುತ್ತಿತ್ತು. ಅಲ್ಲಿ ಕುಳಿತವಳಿಗೆ ಇಲ್ಲಿಯ ಕೂಗು ಕೇಳಿಸದು ಎಂಬುದೇ ಆಗ ನನಗೆ ಒಂದು ಪುಣ್ಯವೆನಿಸಿತು.

ಹತ್ತೂ ಇಪ್ಪತ್ತು. ಫ್ರಿಜ್ಜಿನಲ್ಲಿ ಉಳಿದದ್ದು ಒಂದೇ ಬಾಟಲಿ. ಅದನ್ನು ತೆಗೆಯಲು ಕೈ ಬರಲಿಲ್ಲ. ಮೇಸ್ತ್ರಿಯನ್ನು ಲೆಕ್ಕದ ಟೀಚರ್ ಹೆಗಲಿಗೆ ಹಾಕಿ, ಕಪಾಟು ತೆರೆದು ಅವನ ಅರ್ಜಿ ಹೊರಗೆಳೆದೆ. ಎಲ್ಲಾದರೂ ಏನಾದರೂ ಬರೆದಿರಬಹುದು ಎಂಬ ಆಸೆ. ಹನ್ನೊಂದನೇ ಪ್ರಶ್ನೆಯ ಮುಂದೆ ಪರೀಕ್ಷೆಗೆ ಕುಳಿತವರ ಹಾಗೆ ತಿದ್ದಿ ತಿದ್ದಿ 'ಹೌದು, ತಪ್ಪದೆ' ಎಂದು ಬರೆದಿದ್ದಳು. ನಾವೂ ಅದನ್ನೇ ಮಾಡುತ್ತಿದ್ದೇವೆ, ಮತ್ತೇಕೆ ಇವನು ಕುಡಿಯುವುದಿಲ್ಲ? ನನಗೆ ಯಾರ ಮೇಲೆ ಸಿಟ್ಟು ಬರುತ್ತಿದೆ ಎಂದೇ ತಿಳಿಯಲಿಲ್ಲ. ಆ ಸಿಟ್ಟಿನಲ್ಲೇ ಅರ್ಜಿಯನ್ನು ಕಪಾಟಿಗೆ ತುರುಕಲು ಹೋದೆ, ಇಡೀ ಕಟ್ಟು ಜಾರಿ ನೆಲಕ್ಕೆ ಬಿತ್ತು.

ಬಾಗಿ ಆರಿಸುವಾಗ ಮೇಲೆ ಇದ್ದದ್ದು ಫೋನ್ ಉಜ್ಜುತ್ತಿದ್ದ ಅಪ್ಪನ ಅರ್ಜಿ. ಹನ್ನೊಂದನೇ ಪ್ರಶ್ನೆ. ಉತ್ತರ: 'ಹೌದು, ಯಾವಾಗಲೂ.'

ನಾನು ನೆಲದಲ್ಲೇ ಕುಳಿತುಬಿಟ್ಟೆ. ಇನ್ನೊಂದು ಅರ್ಜಿ ತೆಗೆದೆ, ಹೌದು. ಮತ್ತೊಂದು, ಹೌದು. ಕಟ್ಟಿನಲ್ಲಿದ್ದ ಹದಿನೆಂಟಕ್ಕೆ ಹದಿನೆಂಟೂ ಹೌದು. ಅವಳಿ ಮಕ್ಕಳ ತಾಯಿ ಕೂಡ ಹೌದು ಎಂದಿದ್ದಳು. ಎರಡು ಮಕ್ಕಳಿಗೆ ಒಟ್ಟಿಗೆ ಕುಡಿಸುವಾಗ ನಾಲ್ಕು ಕಣ್ಣಲ್ಲಿ ಎರಡು ಕಣ್ಣು ಹೇಗಿಟ್ಟಳೋ ಆ ಪುಣ್ಯಾತ್ಗಿತ್ತಿ. ಲೆಕ್ಕದ ಟೀಚರ್ ಕಡೆ ತಿರುಗಿ, ಈ ಪ್ರಶ್ನೆಯನ್ನು ನಿಮಗೆ ಕೇಳಿದ್ದರೆ ಏನು ಬರೆಯುತ್ತಿದ್ದಿರಿ ಎಂದೆ.

"ಹೌದು ಅಂತಲೇ," ಎಂದರು ಅವರು, ಮೇಸ್ತ್ರಿಯ ಬೆನ್ನು ತಟ್ಟುತ್ತ. "ಇಲ್ಲ ಅಂತ ಬರ್ದು ನಿಮ್ ಕೈಲಿ ಬೈಸಿಕೊಳ್ಳೋಕೆ ನಂಗೇನು ಹುಚ್ಚಾ?"

ಸೋಮವಾರದ ಓಣಿ ಕಣ್ಣ ಮುಂದೆ ಬಂತು. ನಾನು ಆ ಅಪ್ಪನ ಮೇಲೆ ಹಾರಾಡುತ್ತಿದ್ದಾಗ ಪಕ್ಕದಲ್ಲಿ ತುಟಿ ಪಿಟಕ್ಕೆನ್ನದೆ ಕುಳಿತು ಅರ್ಜಿ ತುಂಬುತ್ತಿದ್ದವಳು ಕಣ್ಣ ಮುಂದೆ ಬಂದಳು. ಸೀಟಿಲ್ಲ, ಎತ್ತಿಕೊಂಡು ಹೋಗಿ ಎಂದದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಹತ್ತೂ ಇಪ್ಪತ್ತೈದು ಆಗಿತ್ತು. ಎದ್ದು ಫೋನ್ ಹಿಡಿದುಕೊಂಡೆ.

ಮಗುವಿನ ಅಪ್ಪ ಬ್ರೆಡ್ಡು ಬೇಯಿಸುವ ಕಾರ್ಖಾನೆಯಲ್ಲಿ ಕೆಲಸದವನು. ಮುಂಜಾವಿಗೆ ಪಾಳಿ ಮುಗಿಸಿ ಮಧ್ಯಾಹ್ನದವರೆಗೆ ಮಲಗುತ್ತಾನೆ. ಎರಡು ಸಲ ಗಂಟೆ ಹೊಡೆದು ನಿಂತಿತು, ಮೂರನೇ ಸಲಕ್ಕೆ ನಿದ್ದೆಗಣ್ಣಿನ ದನಿ ಬಂತು. ಅವಳು ಕಣ್ಣಿಟ್ಟು ನೋಡುತ್ತಾಳಾ ಎಂದು ನಾನು ಕೇಳಲಿಲ್ಲ. ಮನೆಯಲ್ಲಿ ಮಗ ಕೊನೆಯ ಸಲ ಬಾಟಲಿಯಲ್ಲಿ ಕುಡಿದಾಗ ಎಲ್ಲಿ ಕುಳಿತಿದ್ದ, ಯಾವ ಕಡೆ ಮುಖ ಮಾಡಿದ್ದ, ಏನು ನೋಡುತ್ತಿದ್ದ, ಅದನ್ನು ಕಂಡದ್ದು ಕಂಡ ಹಾಗೆ ಹೇಳಿ ಎಂದೆ.

"ಅದು... ಹೇಳ್ಬೇಡಿ ಅಂದಿದಾಳೆ ಮೇಡಂ."

ಬೇರೆ ದಿನವಾಗಿದ್ದರೆ ಆ ಫೋನಿನೊಳಗೇ ಕೈ ಹಾಕಿ ಅವನ ಕಿವಿ ಹಿಂಡುತ್ತಿದ್ದೆ. ಆದರೆ ನನ್ನ ಬೈಗುಳವೇ ಈ ಬಾಯಿಗೆ ಬೀಗ ಹಾಕಿದ್ದು ಎಂದು ಅಷ್ಟರಲ್ಲಿ ನನಗೆ ಚೆನ್ನಾಗಿ ತಿಳಿದಿತ್ತು. ಉಸಿರು ಬಿಗಿಹಿಡಿದು, ಬೈಯುವುದಿಲ್ಲ ಕಣಪ್ಪ, ಸೀಟೂ ಎಲ್ಲಿಗೂ ಹೋಗುವುದಿಲ್ಲ, ನನ್ನಾಣೆ ಎಂದೆ. ಆಗ ಅವನು ಗಡಗಡನೆ ಹೇಳಿಬಿಟ್ಟ. ಅಮ್ಮನ ಮುಖ ಕಂಡರೆ ಸಾಕು, ಮಗನಿಗೆ ಎದೆಯೇ ಬೇಕು, ಬಾಟಲಿ ಎಂದರೆ ರಂಪ. ಅದಕ್ಕೇ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಅವನ ಬೆನ್ನನ್ನು ತನ್ನ ಹೊಟ್ಟೆಗೆ ಆನಿಸಿ, ಮುಖವನ್ನು ಕಿಟಕಿಗೆ ತಿರುಗಿಸುವುದು. ಹಿಂದಿನಿಂದ ಕೈ ತಂದು ಬಾಟಲಿ ಹಿಡಿಯುವುದು. ಹೊರಗೆ ಏನಾದರೂ ಅಲ್ಲಾಡುತ್ತಿದ್ದರೆ ಅದನ್ನೇ ನೋಡುತ್ತ ಗಟಗಟ ಕುಡಿದುಬಿಡುತ್ತಾನಂತೆ.

"ತಾನೇ ಮಗೂಗೆ ಕೆಟ್ಟ ಅಭ್ಯಾಸ ಮಾಡಿಸಿದೀನಿ ಅಂತ ಸೋಮವಾರದಿಂದ ಅಳ್ತಿದಾಳೆ ಮೇಡಂ," ಎಂದ. "ನೀವು ಸರಿಯಾದ ರೀತೀಲಿ ಕುಡಿಸಿದ್ರೆ ಸರಿಹೋಗ್ತಾನೆ, ಬಾಯಿಬಿಡ್ಬೇಡಿ ಅಂದ್ಲು."

ಫೋನ್ ಇಟ್ಟವಳೇ ಕೊನೆಯ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟೆ. ಮೂಲೆಯ ಕುರ್ಚಿಯನ್ನು ದರದರ ಎಳೆದು ತಂದು ಕಿಟಕಿಯ ಮುಂದೆ ಹಾಕಿದೆ. ಪರದೆಯನ್ನು ಒಂದೇ ಏಟಿಗೆ ಸರಿಸಿದ ರಭಸಕ್ಕೆ ಎರಡು ಕೊಂಡಿ ಕಿತ್ತುಬಂದವು. ಮುಂಗೈ ಮೇಲೆ ಎರಡು ಹನಿ ಬಿಟ್ಟು ಬಿಸಿ ನೋಡಿಕೊಂಡು ಕುಳಿತೆ. ಲೆಕ್ಕದ ಟೀಚರ್ ಮೇಸ್ತ್ರಿಯನ್ನು ನನ್ನ ತೊಡೆಯ ಮೇಲೆ ಕೂರಿಸಿದರು. ಬೆನ್ನು ನನ್ನ ಹೊಟ್ಟೆಗೆ, ಮುಖ ಬೀದಿಗೆ. ಅವರು ಮುಂದೆ ಮಂಡಿಯೂರಿ ಬಾಟಲಿಯ ಗೀಟುಗಳ ಮೇಲೆ ಕಣ್ಣಿಟ್ಟರು.

ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಕುಳಿತವಳಲ್ಲ ನಾನು. ಮಗುವಿನ ಮುಖವೇ ಕಾಣದು. ಕಂಡದ್ದು ಬೆವರಿಗೆ ಅಂಟಿದ ನಾಲ್ಕು ಕೂದಲು, ಎರಡು ಕಿವಿ. ಮಾತಾಡಿಸಬೇಕೆಂದು ಬಾಯಿ ತುರಿಸಿತು, ಮುಚ್ಚಿಕೊಂಡೆ. ಬಾಟಲಿ ತುಟಿಗೆ ತಾಗಿದಾಗ ಅವನು ಒಮ್ಮೆ ತಲೆ ಕೊಡವಿದ. ದೂರದಲ್ಲಿ ಕ್ರೇನು ಕಬ್ಬಿಣದ ಬುಟ್ಟಿಯೊಂದನ್ನು ಎತ್ತಿಕೊಂಡು ತಿರುಗತೊಡಗಿತು. ಅವನ ತಲೆ ನಿಂತಿತು. ಕುತ್ತಿಗೆ ಬುಟ್ಟಿಯ ಜೊತೆ ಮೆಲ್ಲಗೆ ತಿರುಗಿತು. ಆಮೇಲೆ ಅವನ ಕಿವಿಯ ಮುಂದಿನ ಎಳೆ ಚರ್ಮ ಒಮ್ಮೆ ಏರಿತು, ಇಳಿಯಿತು. ಮತ್ತೆ ಏರಿತು, ಇಳಿಯಿತು.

ಲೆಕ್ಕದ ಟೀಚರ್ ಉಸಿರಿನಲ್ಲೇ ಎಣಿಸತೊಡಗಿದರು. ಹತ್ತು. ಇಪ್ಪತ್ತು. ನಾನು ಅಲ್ಲಾಡಲಿಲ್ಲ, ಮೂಗು ತುರಿಸಿದರೂ ಕೈ ಎತ್ತಲಿಲ್ಲ. ನಲವತ್ತಕ್ಕೆ ನಿಂತ. ಎಣಿಕೆಯೂ ನಿಂತಿತು. ಒಂದು ನಿಟ್ಟುಸಿರು ಬಿಟ್ಟು ಮತ್ತೆ ಶುರುಮಾಡಿದ. ಅರವತ್ತು, ಎಂಬತ್ತು. ಎಂಬತ್ತು ದಾಟಿದಾಗ ಟೀಚರ್ ದನಿ ಏರಿತು, ನೂರನ್ನು ಕೂಗಿಯೇ ಹೇಳಿದರು. ಚಾಪೆಯ ಮೇಲಿದ್ದ ಕೂಸುಗಳೆಲ್ಲ ಆಟ ಬಿಟ್ಟು ಅವರ ಬಾಯಿ ನೋಡುತ್ತಿದ್ದವು. ಬಾಟಲಿ ಚಪ್ ಎಂದು ಗಾಳಿ ಎಳೆದುಕೊಂಡ ಸದ್ದು ಕೇಳಿತು. ಖಾಲಿ. ಪೂರ್ತಿ ಖಾಲಿ.

ಗಡಿಯಾರ ನೋಡಿದೆ, ಹತ್ತೂ ಐವತ್ತೆರಡು. ಮೇಸ್ತ್ರಿಯನ್ನು ತೇಗು ಬರಿಸಲು ಟೀಚರ್ ಹೆಗಲಿಗೆ ಕೊಟ್ಟು, ಸನ್ನೆಯವನಿಗೆ ಫೋನ್ ಹಚ್ಚಿದೆ. ಗಂಟೆ ಹೊಡೆದೇ ಹೊಡೆಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ತಲೆಯ ಮೇಲೆ ಟನ್ನುಗಟ್ಟಲೆ ಕಬ್ಬಿಣ ತೂಗುತ್ತಿರುವವನು ಜೇಬಿನ ಫೋನು ಎಲ್ಲಿ ಎತ್ತುತ್ತಾನೆ? ಆಡಳಿತದ ಕೋಣೆಯಿಂದ ಒಬ್ಬರನ್ನು ಟೀಚರ್ ಜೊತೆಗೆ ಕರೆದು ನಿಲ್ಲಿಸಿ, ಕೈಯಲ್ಲಿ ಖಾಲಿ ಬಾಟಲಿ ಹಿಡಿದು ಹಾಗೇ ಹೊರಗೆ ಬಿದ್ದೆ.

ಕೋಣೆಯೊಳಗೆ ಹಾಕುವ ಮೆತ್ತನೆಯ ಬಟ್ಟೆಯ ಚಪ್ಪಲಿ ಕಾಲಲ್ಲೇ ಇತ್ತು. ಐವತ್ತೊಂದು ವರ್ಷದ ನಾನು ಎದ್ದೆನೋ ಬಿದ್ದೆನೋ ಎಂದು ಓಡಿದೆ. ಕ್ಷೌರದಂಗಡಿಯ ಕುರ್ಚಿಯಲ್ಲಿದ್ದವನು ಅರ್ಧ ನೊರೆಯ ಮುಖ ಹೊತ್ತು ತಿರುಗಿ ನೋಡಿದ. ತಿರುವಿನಲ್ಲಿ ಪೈಪು ಹೂಳಲು ಅಗೆದಿದ್ದ ಗುಂಡಿಯ ಮೇಲೆ ಹಲಗೆ ಹಾಕಿದ್ದರು, ಅದರ ಮೇಲೂ ಓಡಿದೆ. ಒಂದು ಚಪ್ಪಲಿ ಅಲ್ಲೇ ಉಳಿಯಿತು. ತಲೆ ಎತ್ತಿದಾಗಲೆಲ್ಲ ಕ್ರೇನು ಕಾಣುತ್ತಿತ್ತು. ಎರಡನೇ ಬೀದಿಯ ನಡುವೆ ಹೋಗುವಾಗ ಅದು ತಿರುಗುವುದನ್ನು ನಿಲ್ಲಿಸಿತು.

ಸೈಟಿನ ಗೇಟಿನಲ್ಲಿ ಕಾವಲಿನವನು ಅಡ್ಡ ಕೈ ಹಿಡಿದ. ಹೆಲ್ಮೆಟ್ ಇಲ್ಲದೆ ಬಿಡುವಂತಿಲ್ಲ ಎಂದ. ಅವನ ತಲೆಯ ಮೇಲಿದ್ದದ್ದನ್ನೇ ಕಿತ್ತು ನನ್ನ ತಲೆಗೆ ಹಾಕಿಕೊಂಡು ಒಳಗೆ ನುಗ್ಗಿದೆ. ಅವನು ಕೂಗುತ್ತ ಹಿಂದೆ ಬಂದ. ಮರಳ ರಾಶಿಯ ಪಕ್ಕದಲ್ಲಿ ಎದೆಗೆ ರೇಡಿಯೋ ಕಟ್ಟಿಕೊಂಡ ದೊಡ್ಡ ಮೀಸೆಯವನೊಬ್ಬ ನಿಂತು ಮೇಲೆ ನೋಡುತ್ತಿದ್ದ. ನಾನೂ ನೋಡಿದೆ. ಕ್ಯಾಬಿನ್ನಿನ ಬಾಗಿಲು ತೆರೆದಿತ್ತು. ಹಳದಿ ಚುಕ್ಕೆಯೊಂದು ಏಣಿಯ ಮೇಲೆ ಇಳಿಯುತ್ತಿತ್ತು.

ಬಾಯಿಂದ ಮಾತು ಹೊರಡದೆ ಬಾಟಲಿಯನ್ನೇ ಅವನ ಮೂಗಿನ ಮುಂದೆ ಹಿಡಿದೆ. ಹನ್ನೊಂದಕ್ಕೆ ಇನ್ನೆರಡು ನಿಮಿಷ ಇರುವಾಗಲೇ ಸುದ್ದಿ ಇದೆಯಾ ಎಂದು ಅವಳು ಕೇಳಿದಳಂತೆ, ಇಲ್ಲ ಎಂದು ಇವನು ಹೇಳಿದನಂತೆ. ರೇಡಿಯೋ ಕೊಡಿ ಎಂದೆ. ಅದರಲ್ಲಿ ಹೊರಗಿನವರು ಮಾತಾಡುವಂತಿಲ್ಲ, ನೀವು ಹೇಳಿ, ನಾನು ಹೇಳುತ್ತೇನೆ ಎಂದ. ನಾನು ಹೇಳಿದೆ. ಅವನು ಗುಂಡಿ ಒತ್ತಿ, ಕಬ್ಬಿಣ ಎಣಿಸುವ ದನಿಯಲ್ಲೇ ಹೇಳಿದ.

"ನಿಲ್ಲಿ. ಬಾಟಲಿ ಖಾಲಿ. ನೂರಿಪ್ಪತ್ತು. ಪೂರ್ತಿ."

ಚುಕ್ಕೆ ನಿಂತಿತು. ಟೀ ಲೋಟ ಹಿಡಿದವರೆಲ್ಲ ನಮ್ಮ ಕಡೆ ತಿರುಗಿದ್ದರು. ಆಮೇಲೆ ಅವಳ ಸಣ್ಣ ದನಿ ಬಂತು, ಹೇಗೆ ಕುಡಿದ ಎಂದು. ಮೀಸೆಯವನು ನನ್ನ ಮುಖ ನೋಡಿದ. ಇದನ್ನು ಹೇಳುವುದು ತನ್ನಿಂದಾಗದು ಎಂದುಕೊಂಡನೋ ಏನೋ, ರೇಡಿಯೋ ಬಿಚ್ಚಿ ನನ್ನ ಕೈಗೇ ಕೊಟ್ಟ.

"ಬೆನ್ನು ಹೊಟ್ಟೆಗೆ, ಮುಖ ಕಿಟಕಿಗೆ," ಎಂದೆ. "ನೀನು ಕುಡಿಸೋ ಹಾಗೇ."

ಗಾಳಿಯ ಸದ್ದಿನಲ್ಲಿ ಅವಳ ಮಾತು ತಪ್ಪಿಹೋದೀತೆಂದು ರೇಡಿಯೋವನ್ನು ಕಿವಿಗೆ ಒತ್ತಿಕೊಂಡೆ.

"ಹಂಗಾದ್ರೆ ನಾನು ಮಾಡಿದ್ದು ತಪ್ಪಲ್ವಾ ಅಕ್ಕ?"

ಕೆಲಸ ಉಳಿಯಿತಾ ಎಂದು ಅವಳು ಕೇಳಲಿಲ್ಲ. ಅಷ್ಟು ಎತ್ತರದ ಏಣಿಯ ಮೇಲೆ ನಿಂತು ಅವಳು ಕೇಳಿದ್ದು ಇದು. ಒಂದು ತಿಂಗಳು ತನ್ನ ಮಗುವಿನ ಹೊಟ್ಟೆ ತುಂಬಿಸಿದ ತನ್ನದೇ ಜಾಣತನವನ್ನು ಅವಳು ಕಳ್ಳತನದ ಹಾಗೆ ಮುಚ್ಚಿಟ್ಟುಕೊಂಡಿದ್ದಳು, ನನ್ನ ಬಾಯಿಗೆ ಹೆದರಿ. ನನಗೆ ಅಳು ಬಂತು. ಬಂದರೆ ಬರಲಿ ಎಂದು ಅಷ್ಟು ಜನರ ಎದುರಿಗೇ ಅತ್ತೆ.

"ತಪ್ಪು ನಂದು ಕಣಮ್ಮ," ಎಂದೆ. "ನೀನು ನಿನ್ನ ಮಗೂನ ಸರಿಯಾಗಿ ನೋಡಿದೀಯ. ನಾನು ನನ್ನ ಪ್ರಶ್ನೆ ನೋಡ್ತಾ ಕೂತಿದ್ದೆ. ನಾಳೆಯಿಂದ ನೀನು ಹೇಳು, ನಾನು ಕಲೀತೀನಿ."

ಹಳದಿ ಚುಕ್ಕೆ ಸ್ವಲ್ಪ ಹೊತ್ತು ಏಣಿಗೆ ಅಂಟಿಕೊಂಡೇ ಇತ್ತು. ಆಮೇಲೆ ಮೇಲಕ್ಕೆ ಹೊರಟಿತು. ಒಂದೊಂದೇ ಮೆಟ್ಟಿಲು, ಅವಸರವಿಲ್ಲದೆ. ಬಾಗಿಲು ಮುಚ್ಚಿತು. ಮೀಸೆಯವನು ಗಡಿಯಾರ ನೋಡಿಕೊಂಡು, ಟೀ ಹೊತ್ತು ಇನ್ನೂ ಮುಗಿದಿಲ್ಲ, ಆಕೆ ಇಳಿದದ್ದನ್ನು ನಾನಂತೂ ಕಂಡಿಲ್ಲ, ನೀವು ಕಂಡಿರಾ ಎಂದು ಕಾವಲಿನವನನ್ನು ಕೇಳಿದ. ಅವನು ತನ್ನ ಬೋಳುತಲೆ ಸವರಿಕೊಂಡು, ಹೆಲ್ಮೆಟ್ ಇಲ್ಲದವನು ಮೇಲೆ ನೋಡುವುದುಂಟೇ ಎಂದ.

ನನ್ನ ಕೈಯಲ್ಲಿದ್ದ ರೇಡಿಯೋ ಗುರ್ ಎಂದಿತು. ಈ ಸಲ ಬಂದ ದನಿ ಸಣ್ಣದಾಗಿರಲಿಲ್ಲ.

"ಕೊಕ್ಕೆ ಇಳಿಸ್ತಿದೀನಿ. ಮುಂದಿನ ಲೋಡ್ ಏನು?"

ನಾನು ಗುಂಡಿ ಒತ್ತಿ ಏನೋ ಹೇಳಲು ಬಾಯಿ ತೆರೆದೆ. ಮೀಸೆಯವನು ರೇಡಿಯೋವನ್ನು ನನ್ನ ಕೈಯಿಂದ ಕಿತ್ತುಕೊಂಡು, ಕಂಬಿ, ಎರಡು ಕಟ್ಟು ಎಂದ.